ಮುಖ ನೋಡಬೇಡಿ, ಮತ ನೋಡಿ: ‘ಅವಲಾನ್’ ಆಟ ಕಲಿಯುವ ಬಗೆ

ಮಳೆಗಾಲದ ಸಂಜೆ ಕರೆಂಟು ಹೋದಾಗ ಚೀಟಿ ಬರೆದು ‘ರಾಜ, ರಾಣಿ, ಕಳ್ಳ, ಪೊಲೀಸ್’ ಆಡಿದ ನೆನಪು ನಮ್ಮಲ್ಲಿ ಅನೇಕರಿಗೆ ಇರಬಹುದು. ನಾಲ್ಕು ಚೀಟಿ ಮಡಚಿ ಎಸೆಯುವುದು, ಒಬ್ಬೊಬ್ಬರು ಒಂದೊಂದು ಹೆಕ್ಕುವುದು, ಪೊಲೀಸ್ ಚೀಟಿ ಬಂದವನು ಕಳ್ಳ ಯಾರೆಂದು ಹೇಳುವುದು. ಹೇಳಿದ್ದು ಸರಿಯಾದರೆ ಅಂಕ ಅವನಿಗೆ, ತಪ್ಪಿದರೆ ಕಳ್ಳನಿಗೆ. ಆ ಆಟದಲ್ಲಿ ಪೊಲೀಸನಿಗೆ ಇದ್ದ ಆಧಾರ ಒಂದೇ, ಎದುರಿಗಿದ್ದವರ ಮುಖ. ಯಾರು ನಕ್ಕರೋ, ಯಾರು ತಲೆ ತಗ್ಗಿಸಿದರೋ ಅವರ ಮೇಲೆ ಕೈ ತೋರಿಸುವುದು. ಎಷ್ಟೋ ಸಲ ನಾಚಿಕೆ ಸ್ವಭಾವದ ಮಗುವೇ ‘ಕಳ್ಳ’ ಎನಿಸಿಕೊಳ್ಳುತ್ತಿತ್ತು.

ಇದೇ ಜಾತಿಯ, ಆದರೆ ಊಹೆಯ ಬದಲು ಯೋಚನೆಗೆ ಕೆಲಸ ಕೊಡುವ ಆಟವೊಂದನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಹೆಸರು ‘ಅವಲಾನ್’. ಮನೆಯಲ್ಲಿ, ಯುವಜನರ ಕೂಟದಲ್ಲಿ, ಶಿಬಿರದ ರಾತ್ರಿಯಲ್ಲಿ ಆಡಬಹುದು. ಐದರಿಂದ ಹತ್ತು ಮಂದಿ ಬೇಕು, ಒಂದು ಆಟಕ್ಕೆ ಸುಮಾರು ಅರ್ಧ ಗಂಟೆ ಸಾಕು.

ಆಟದ ಹಿನ್ನೆಲೆ

ಗುರುತು ಮರೆಸಿ ಆಡುವ ಈ ಬಗೆಯ ಆಟಗಳಿಗೆ ಮೂಲ ‘ಮಾಫಿಯಾ’. 1980ರ ದಶಕದಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ದವಿದೋವ್ ಅದನ್ನು ರೂಪಿಸಿದರು. ಸತ್ಯ ತಿಳಿದಿರುವ ಕೆಲವರು ಒಂದು ಕಡೆ, ಏನೂ ತಿಳಿಯದ ಹೆಚ್ಚಿನವರು ಇನ್ನೊಂದು ಕಡೆ: ಇದೇ ಅದರ ಜೀವಾಳ. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಅದೇ ಆಟಕ್ಕೆ ತೋಳಮನುಷ್ಯರ ಕಥೆ ಹೊದಿಸಿದರು. 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡಿದ ‘ಅಮಾಂಗ್ ಅಸ್’ ಕೂಡ ಇದೇ ವಂಶದ್ದು.

ಮಾಫಿಯಾ ಆಟದಲ್ಲಿ ಒಂದು ಕೊರತೆ ಇದೆ. ಅನುಮಾನಕ್ಕೆ ಗುರಿಯಾದವರು ಆಟದಿಂದಲೇ ಹೊರಬೀಳುತ್ತಾರೆ. ಮೊದಲ ಸುತ್ತಿನಲ್ಲೇ ಹೊರಬಿದ್ದವರು ಉಳಿದ ಹೊತ್ತೆಲ್ಲ ಸುಮ್ಮನೆ ಕುಳಿತಿರಬೇಕು. ಡಾನ್ ಎಸ್ಕ್ರಿಜ್ ರಚಿಸಿದ ‘ದಿ ರೆಸಿಸ್ಟೆನ್ಸ್’ ಮತ್ತು 2012ರಲ್ಲಿ ಅದರ ಮುಂದುವರಿಕೆಯಾಗಿ ಬಂದ ‘ಅವಲಾನ್’ ಆಟಗಳಲ್ಲಿ ಯಾರೂ ಹೊರಬೀಳುವುದಿಲ್ಲ. ಕೊನೆಯ ತನಕ ಎಲ್ಲರೂ ಆಡುತ್ತಾರೆ. ಹೊಸಬರಿಗೆ ಇದೇ ಅನುಕೂಲ.

ಏನೇನು ಬೇಕು?

ಆಟದ ಪೆಟ್ಟಿಗೆ ಸಿಗುತ್ತದೆ. ಅದಿಲ್ಲದಿದ್ದರೂ ಒಂದು ಕಟ್ಟು ಇಸ್ಪೀಟ್ ಎಲೆ ಸಾಕು. ಐವರ ಆಟವನ್ನು ನೋಡೋಣ.

ಮೂವರು ನಿಷ್ಠರು, ಅಂದರೆ ಬ್ರಿಟನ್ನಿನ ಐತಿಹ್ಯದ ಆರ್ಥರ್ ರಾಜನ ಪಕ್ಷದವರು. ಇಬ್ಬರು ದ್ರೋಹಿಗಳು, ಅಂದರೆ ರಾಜನಿಗೆ ಎರಡು ಬಗೆದ ಮೋರ್ಡ್ರೆಡನ ಕಡೆಯವರು. ಮೂರು ಕೆಂಪು ಎಲೆ, ಎರಡು ಕಪ್ಪು ಎಲೆ ತೆಗೆದು ಕಲಸಿ ಒಬ್ಬೊಬ್ಬರಿಗೆ ಒಂದೊಂದು ಹಂಚಿ. ಕೆಂಪು ಎಲೆಗಳಲ್ಲಿ ಒಂದು ರಾಜನಾಗಿರಲಿ. ಅದು ಬಂದವರು ಮರ್ಲಿನ್, ಆರ್ಥರನ ಮಂತ್ರವಾದಿ. ಕಪ್ಪು ಎಲೆಗಳಲ್ಲಿ ಒಂದು ಗುಲಾಮನಾಗಿರಲಿ. ಅದು ಬಂದವರು ಹಂತಕ. ತಮ್ಮ ಎಲೆಯನ್ನು ತಾವು ಮಾತ್ರ ನೋಡಬೇಕು, ಕೊನೆಯ ತನಕ ಯಾರಿಗೂ ತೋರಿಸಬಾರದು.

ನಂತರ ಒಬ್ಬರು ಗಟ್ಟಿಯಾಗಿ ಹೀಗೆ ಹೇಳುತ್ತಾರೆ:

“ಎಲ್ಲರೂ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ಮುಂದೆ ಚಾಚಿ. ದ್ರೋಹಿಗಳು ಕಣ್ಣು ತೆರೆದು ಒಬ್ಬರನ್ನೊಬ್ಬರು ನೋಡಿಕೊಳ್ಳಿ. ಕಣ್ಣು ಮುಚ್ಚಿ. ದ್ರೋಹಿಗಳು ಹೆಬ್ಬೆರಳು ಮೇಲೆತ್ತಿ. ಮರ್ಲಿನ್ ಕಣ್ಣು ತೆರೆದು ನೋಡಿ. ಮರ್ಲಿನ್ ಕಣ್ಣು ಮುಚ್ಚಿ. ಹೆಬ್ಬೆರಳು ಇಳಿಸಿ. ಈಗ ಎಲ್ಲರೂ ಕಣ್ಣು ತೆರೆಯಿರಿ.”

ಈಗ ದ್ರೋಹಿಗಳಿಗೆ ತಮ್ಮ ಜೊತೆಗಾರ ಯಾರೆಂದು ಗೊತ್ತು. ಮರ್ಲಿನ್‌ಗೆ ಇಬ್ಬರು ದ್ರೋಹಿಗಳೂ ಗೊತ್ತು. ಉಳಿದ ಇಬ್ಬರು ನಿಷ್ಠರಿಗೆ ತಾವು ಯಾರೆಂಬುದು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಆಟ ನಡೆಯುವ ಕ್ರಮ

ಒಟ್ಟು ಐದು ಕಾರ್ಯಗಳು. ಮೂರು ಸಫಲವಾದರೆ ನಿಷ್ಠರಿಗೆ ಮೇಲುಗೈ, ಮೂರು ವಿಫಲವಾದರೆ ದ್ರೋಹಿಗಳಿಗೆ ಜಯ. ಐವರ ಆಟದಲ್ಲಿ ಕಾರ್ಯಕ್ಕೆ ಹೋಗುವ ತಂಡದ ಗಾತ್ರ ಕ್ರಮವಾಗಿ 2, 3, 2, 3, 3.

ನಾಯಕನಾದವನು ತಂಡಕ್ಕೆ ಯಾರು ಹೋಗಬೇಕೆಂದು ಸೂಚಿಸುತ್ತಾನೆ. ತನ್ನನ್ನೂ ಸೇರಿಸಿಕೊಳ್ಳಬಹುದು. ಚರ್ಚೆಯಾದ ಮೇಲೆ ಎಲ್ಲರೂ ಒಟ್ಟಿಗೆ ಮತ ಹಾಕಬೇಕು. ಹೆಬ್ಬೆರಳು ಮೇಲೆ ಎಂದರೆ ಒಪ್ಪಿಗೆ, ಕೆಳಗೆ ಎಂದರೆ ವಿರೋಧ. ಈ ಮತ ಬಹಿರಂಗ. ಬಹುಮತ ಸಿಗದಿದ್ದರೆ ತಂಡ ಬಿದ್ದುಹೋಗಿ ನಾಯಕತ್ವ ಪಕ್ಕದವರಿಗೆ ಹೋಗುತ್ತದೆ. ಒಂದೇ ಕಾರ್ಯಕ್ಕೆ ಸತತ ಐದು ತಂಡಗಳು ಬಿದ್ದುಹೋದರೆ ದ್ರೋಹಿಗಳು ಗೆದ್ದಂತೆ.

ತಂಡಕ್ಕೆ ಒಪ್ಪಿಗೆ ಸಿಕ್ಕರೆ ಅದರ ಪ್ರತಿಯೊಬ್ಬರಿಗೂ ಒಂದು ಕೆಂಪು, ಒಂದು ಕಪ್ಪು ಎಲೆ ಕೊಡಬೇಕು. ಒಂದನ್ನು ಬೋರಲಾಗಿ ನಡುವೆ ಇಡಬೇಕು, ಇನ್ನೊಂದನ್ನು ಬದಿಗೆ ಹಾಕಬೇಕು. ನಿಷ್ಠರು ಕೆಂಪನ್ನೇ ಇಡಬೇಕು. ದ್ರೋಹಿಗಳು ಕೆಂಪನ್ನಾದರೂ ಇಡಬಹುದು, ಕಪ್ಪನ್ನಾದರೂ ಇಡಬಹುದು. ನಡುವಿನ ಎಲೆಗಳನ್ನು ಕಲಸಿ ತೆರೆದಾಗ ಒಂದೇ ಒಂದು ಕಪ್ಪು ಕಂಡರೂ ಕಾರ್ಯ ವಿಫಲ. ಯಾರು ಇಟ್ಟದ್ದೆಂದು ತಿಳಿಯುವುದಿಲ್ಲ. ಈ ಮತ ಗುಪ್ತ.

ನಿಷ್ಠರು ಮೂರು ಕಾರ್ಯ ಗೆದ್ದ ಮೇಲೂ ಆಟ ಮುಗಿಯುವುದಿಲ್ಲ. ಹಂತಕನಿಗೆ ಒಂದು ಅವಕಾಶ ಇದೆ. ಮರ್ಲಿನ್ ಯಾರೆಂದು ಅವನು ಸರಿಯಾಗಿ ಹೇಳಿದರೆ ಗೆಲುವು ದ್ರೋಹಿಗಳಿಗೆ. ಆದ್ದರಿಂದ ಎಲ್ಲವನ್ನೂ ಬಲ್ಲ ಮರ್ಲಿನ್, ತನಗೆ ಗೊತ್ತಿದೆ ಎಂಬುದನ್ನು ತೋರಿಸಿಕೊಳ್ಳದೆ ತನ್ನವರಿಗೆ ದಾರಿ ತೋರಿಸಬೇಕು.

ಒಂದು ಆಟ ನೋಡೋಣ

ಒಂದು ಮನೆಯಲ್ಲಿ ಅಪ್ಪ, ಅಕ್ಕ, ಅಮ್ಮ, ತಮ್ಮ, ಮಾವ ಇದೇ ಕ್ರಮದಲ್ಲಿ ಸುತ್ತ ಕುಳಿತಿದ್ದಾರೆ ಎಂದಿಟ್ಟುಕೊಳ್ಳೋಣ. ಅಪ್ಪ ಮತ್ತು ಮಾವ ದ್ರೋಹಿಗಳು, ಮಾವನೇ ಹಂತಕ. ಅಮ್ಮ ಮರ್ಲಿನ್. ಅಕ್ಕ, ತಮ್ಮ ಸಾಮಾನ್ಯ ನಿಷ್ಠರು. ನಾವು ಅಕ್ಕನ ಪಕ್ಕದಲ್ಲಿ ಕುಳಿತು ನೋಡೋಣ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಮೊದಲ ಕಾರ್ಯ: ಅಪ್ಪ ನಾಯಕ. ತಾನು ಮತ್ತು ಅಕ್ಕ ಹೋಗುವುದೆಂದು ಸೂಚಿಸಿದರು. ಐವರೂ ಒಪ್ಪಿದರು. ಅಮ್ಮನಿಗೆ ಸತ್ಯ ಗೊತ್ತಿದ್ದರೂ ಆರಂಭದಲ್ಲೇ ವಿರೋಧಿಸಿದರೆ ಎಲ್ಲರ ಕಣ್ಣು ತನ್ನ ಮೇಲೆ ಬೀಳುತ್ತದೆಂದು ಒಪ್ಪಿದರು. ಎರಡೂ ಎಲೆ ಕೆಂಪು, ಕಾರ್ಯ ಸಫಲ. “ಅಪ್ಪ ನಮ್ಮವರೇ” ಎಂದು ಅಕ್ಕ ನಂಬಿದಳು. ಹೊಸಬರು ಮಾಡುವ ಮೊದಲ ತಪ್ಪು ಇದು. ದ್ರೋಹಿಯೂ ಕೆಂಪು ಇಡಬಹುದು. ಐವರಲ್ಲಿ ಇಬ್ಬರ ಜೋಡಿ ಹತ್ತು ರೀತಿಯಲ್ಲಿ ಆಗುತ್ತದೆ, ಇಬ್ಬರೂ ನಿಷ್ಠರಾಗಿರುವ ಜೋಡಿ ಮೂರು ಮಾತ್ರ. ಒಂದು ಸಫಲತೆ ಯಾರ ಪ್ರಾಮಾಣಿಕತೆಗೂ ಸಾಕ್ಷಿಯಲ್ಲ.

ಎರಡನೇ ಕಾರ್ಯ: ಅಕ್ಕ ನಾಯಕಿ. ಅಪ್ಪ, ತಾನು, ತಮ್ಮ ಎಂದು ಮೂವರನ್ನು ಸೂಚಿಸಿದಳು. ಮತ ಹಾಕಿದಾಗ ಆ ಮೂವರೂ ಒಪ್ಪಿಗೆ ಕೊಟ್ಟರು, ಮಾವನೂ ಒಪ್ಪಿದರು. ಅಮ್ಮ ಒಬ್ಬರೇ ವಿರೋಧಿಸಿದರು. ಎಲೆ ತೆರೆದರೆ ಎರಡು ಕೆಂಪು, ಒಂದು ಕಪ್ಪು.

ತಕ್ಷಣ ಮಾವ ತಮ್ಮನ ಕಡೆ ತಿರುಗಿ, “ಆಗಿನಿಂದ ಇವನು ಬಾಯಿ ಬಿಟ್ಟಿಲ್ಲ ನೋಡಿ, ಇವನದೇ ಕೆಲಸ” ಎಂದರು. ತಮ್ಮ ಕೆಂಪೇರಿದ, ತೊದಲಿದ. ಎಲ್ಲರೂ ಅವನನ್ನೇ ನೋಡಿದರು. ಇದೇ ಕಳ್ಳ-ಪೊಲೀಸ್ ಆಟವಾಗಿದ್ದರೆ ಅಲ್ಲಿಗೆ ತೀರ್ಮಾನ ಆಗಿಬಿಡುತ್ತಿತ್ತು.

ಆದರೆ ಅಕ್ಕ ಮುಖ ಬಿಟ್ಟು ಮತ ನೋಡಿದಳು. ನಿಷ್ಠರು ಇರುವುದು ಮೂವರೇ. ಮಾವ ನಿಷ್ಠನಾಗಿದ್ದರೆ, ತನ್ನನ್ನು ಬಿಟ್ಟು ಉಳಿದವರಲ್ಲಿ ನಿಷ್ಠರು ಇಬ್ಬರೇ ಎಂದು ಅವರಿಗೆ ತಿಳಿದಿರಬೇಕು. ಹಾಗಾದರೆ ತಾನಿಲ್ಲದ ಮೂವರ ತಂಡದಲ್ಲಿ ಒಬ್ಬನಾದರೂ ದ್ರೋಹಿ ಇದ್ದೇ ಇರುತ್ತಾನೆ. ಅಂಥ ತಂಡಕ್ಕೆ ನಿಷ್ಠನಾದವನು ಒಪ್ಪಿಗೆ ಕೊಡುವುದೇಕೆ? ಒಂದೋ ಲೆಕ್ಕ ತಪ್ಪಿರಬೇಕು, ಇಲ್ಲವೇ ಆ ತಂಡದಲ್ಲಿ ಅವರ ಜೊತೆಗಾರ ಇರಬೇಕು. ಅಮ್ಮನೂ ತಂಡದ ಹೊರಗಿದ್ದರು, ಅವರು ವಿರೋಧಿಸಿದ್ದು ಸರಿಯಾಗಿಯೇ ಇದೆ. ಅಲ್ಲಿಗೆ ಮಾವ ಒಬ್ಬ ದ್ರೋಹಿ, ಇನ್ನೊಬ್ಬ ಅಪ್ಪನೋ ತಮ್ಮನೋ, ಅಮ್ಮ ನಿಷ್ಠರು. ಅಕ್ಕ ಈ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದಳು.

ಐವರ ಆಟದಲ್ಲಿ ಹೊಸಬರು ನೆನಪಿಡಬೇಕಾದ ಸೂತ್ರ ಇದೇ: ನೀವು ನಿಷ್ಠರಾಗಿದ್ದು, ಮೂವರ ತಂಡದಲ್ಲಿ ನೀವಿಲ್ಲದಿದ್ದರೆ ವಿರೋಧಿಸಿ. ಹಾಗೆ ವಿರೋಧಿಸದವರನ್ನು ಗಮನಿಸಿ. ನಾಲ್ಕು ತಂಡಗಳು ಬಿದ್ದ ಮೇಲೆ ಬರುವ ಐದನೇ ತಂಡಕ್ಕೆ ಮಾತ್ರ ಈ ಸೂತ್ರ ಅನ್ವಯಿಸದು, ಅದು ಬಿದ್ದರೆ ಆಟವೇ ಹೋಗುತ್ತದೆ.

ಮೂರನೇ ಕಾರ್ಯ: ಅಮ್ಮ ನಾಯಕಿ. ತಾನು ಮತ್ತು ಅಕ್ಕ ಎಂದರು. ಅಮ್ಮ, ಅಕ್ಕ, ತಮ್ಮ ಒಪ್ಪಿದರು, ಅಪ್ಪ ಮತ್ತು ಮಾವ ವಿರೋಧಿಸಿದರು. ಕಾರ್ಯ ಸಫಲ. ಅಪ್ಪನ ಮತ ಮಾವನ ಮತದ ಜೊತೆಗೇ ಬಿದ್ದದ್ದನ್ನು ಅಕ್ಕ ಗಮನಿಸಿದಳು. ಮಾವ ಅಷ್ಟು ಜೋರಾಗಿ ದೂರಿದ್ದು ತನ್ನ ಜೊತೆಗಾರನನ್ನೇ ಆಗಿರಲಾರದು ಎಂದೂ ಅವಳಿಗೆ ಅನಿಸಿತು.

ನಾಲ್ಕನೇ ಕಾರ್ಯ: ತಮ್ಮ ನಾಯಕ. ತಾನು, ಅಮ್ಮ, ಅಕ್ಕ ಎಂದ. ಮತ್ತೆ ಮೂರು ಒಪ್ಪಿಗೆ, ಎರಡು ವಿರೋಧ. ಮೂರೂ ಎಲೆ ಕೆಂಪು. ಐವರಲ್ಲಿ ಮೂವರ ತಂಡ ಹತ್ತು ರೀತಿಯಲ್ಲಿ ಆಗುತ್ತದೆ, ದ್ರೋಹಿ ಇಲ್ಲದ ತಂಡ ಒಂದೇ ಒಂದು. ಅದು ಅವರಿಗೆ ಸಿಕ್ಕಿತು.

ಈಗ ಹಂತಕನ ಸರದಿ. ಎಲ್ಲವನ್ನೂ ಬಿಡಿಸಿ ಹೇಳಿದ್ದು ಅಕ್ಕ, ಹಾಗಾಗಿ ಅವಳೇ ಮರ್ಲಿನ್ ಎಂದು ಮಾವ ಕೈ ತೋರಿಸಿದರು. ತಪ್ಪಿತು! ಅಮ್ಮ ಇಡೀ ಆಟದಲ್ಲಿ ವಿಶೇಷವಾದದ್ದೇನನ್ನೂ ಹೇಳಿರಲಿಲ್ಲ. ಅವರ ಆ ಒಂದು ವಿರೋಧದ ಮತಕ್ಕೂ ಯಾರು ಬೇಕಾದರೂ ಕೊಡಬಹುದಾದ ಕಾರಣವಿತ್ತು. ಮರ್ಲಿನ್ ಆಡುವವರು ಕಲಿಯಬೇಕಾದದ್ದು ಇದೇ. ನಿಮಗೆ ಗೊತ್ತಿರುವುದನ್ನು ಹೇಳಬೇಡಿ, ಎಲ್ಲರಿಗೂ ಕಾಣುವ ಕಾರಣದ ಮೂಲಕ ಹೇಳಿ. ಮರ್ಲಿನ್ ಅಲ್ಲದ ನಿಷ್ಠರು ಧೈರ್ಯವಾಗಿ ಮಾತನಾಡಿದರೆ ಹಂತಕನ ಬಾಣ ಅವರ ಕಡೆ ತಿರುಗಿ ಮರ್ಲಿನ್ ಉಳಿಯುತ್ತಾರೆ.

ದ್ರೋಹಿಯ ಎಲೆ ಬಂದರೆ?

ಗಾಬರಿಯಾಗಬೇಡಿ. ಮೊದಲ ಕಾರ್ಯದಲ್ಲಿ ಕೆಂಪು ಇಟ್ಟು ನಂಬಿಕೆ ಗಳಿಸುವುದು ಹೆಚ್ಚಿನವರ ದಾರಿ. ಇಬ್ಬರೂ ದ್ರೋಹಿಗಳು ಒಂದೇ ತಂಡದಲ್ಲಿದ್ದಾಗ ಇಬ್ಬರೂ ಕಪ್ಪು ಇಟ್ಟರೆ ಎರಡು ಕಪ್ಪು ಕಂಡು ಗುಟ್ಟು ರಟ್ಟಾಗುತ್ತದೆ. ಯಾರು ಇಡುವುದೆಂದು ಕೇಳಿಕೊಳ್ಳುವಂತೆಯೂ ಇಲ್ಲ, ಅದೇ ಕಷ್ಟ. ನೀವು ನಿಷ್ಠರಾಗಿದ್ದರೆ ಹೇಗೆ ಮತ ಹಾಕುತ್ತಿದ್ದಿರೋ ಹಾಗೆಯೇ ಹಾಕಿ. ಮಾವ ಸೋತದ್ದು ಅಲ್ಲಿಯೇ.

ಆಡಿಸುವವರಿಗೆ ನಾಲ್ಕು ಮಾತು

‘ಮಕ್ಕಳಿಗೆ ಸುಳ್ಳು ಹೇಳಲು ಕಲಿಸಿದಂತೆ ಆಗುವುದಿಲ್ಲವೇ?’ ಎಂದು ಹೆತ್ತವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಮರೆಮಾಚುವುದು ಆಟದ ನಿಯಮ, ಎಲ್ಲರಿಗೂ ಮೊದಲೇ ತಿಳಿದಿರುತ್ತದೆ, ಎಲ್ಲರೂ ಒಪ್ಪಿಯೇ ಕುಳಿತಿರುತ್ತಾರೆ. ಆದರೆ ನಿಜವಾದ ಅಪಾಯ ಬೇರೆ ಕಡೆ ಇದೆ. ಹತ್ತು ಮಂದಿ ಸೇರಿ ಒಬ್ಬನನ್ನು ಸಾಕ್ಷಿ ಇಲ್ಲದೆ ದೂರುವುದು ಎಷ್ಟು ಸುಲಭ ಎಂಬುದನ್ನು ಈ ಆಟ ಕಣ್ಣೆದುರು ತೋರಿಸುತ್ತದೆ. ಮಾತು ಕಡಿಮೆ ಇರುವ ಹುಡುಗನೋ ಹೊಸದಾಗಿ ಬಂದ ಹುಡುಗಿಯೋ ಪ್ರತಿಸಲವೂ ಗುರಿಯಾದರೆ ಅವರು ಮತ್ತೆ ಕೂಟಕ್ಕೆ ಬರಲಿಕ್ಕಿಲ್ಲ.

ಆದ್ದರಿಂದ ಆರಂಭದಲ್ಲೇ ಕೆಲವು ಕಟ್ಟುಪಾಡು ಹಾಕುವುದು ಒಳ್ಳೆಯದು. ದೂರುವವರು ಕಾರಣ ಹೇಳಬೇಕು. “ನೀನು ಅಂಥವನೇ” ಎನ್ನದೆ “ನಿನ್ನ ಎರಡನೇ ಮತ ಯಾಕೆ ಹಾಗೆ ಬಿತ್ತು?” ಎಂದು ಕೇಳಬೇಕು. ದೇವರಾಣೆ, ಅಮ್ಮನಾಣೆ ಹಾಕುವುದು ಬೇಡವೇ ಬೇಡ. ಮತಗಳನ್ನು ಒಬ್ಬರು ಕಾಗದದಲ್ಲಿ ಬರೆದಿಡಲಿ. ಆಟ ಮುಗಿದ ಮೇಲೆ ಐದು ನಿಮಿಷ ಕುಳಿತು, ಯಾರು ಏನೆಂದುಕೊಂಡಿದ್ದರು, ಎಲ್ಲಿ ತಪ್ಪಿದರು ಎಂದು ಒಬ್ಬೊಬ್ಬರಾಗಿ ಹೇಳಲಿ. ತಪ್ಪಾಗಿ ದೂರಿದವರು ಅದನ್ನು ನಗುತ್ತಲೇ ಒಪ್ಪಿಕೊಳ್ಳಲಿ.

ಪ್ರೌಢಶಾಲೆಯ ಮಕ್ಕಳಿಂದ ಮೇಲಿನವರಿಗೆ ಈ ಆಟ ಚೆನ್ನಾಗಿ ಹಿಡಿಸುತ್ತದೆ. ಜನ ಹೆಚ್ಚಿದ್ದರೆ ದ್ರೋಹಿಗಳ ಸಂಖ್ಯೆ ಹೀಗಿರಲಿ: ಆರು ಮಂದಿಗೆ 2, ಏಳು, ಎಂಟು, ಒಂಬತ್ತು ಮಂದಿಗೆ 3, ಹತ್ತು ಮಂದಿಗೆ 4. ತಂಡದ ಗಾತ್ರ ಆರು ಮಂದಿಗೆ 2, 3, 4, 3, 4. ಏಳು ಮಂದಿಗೆ 2, 3, 3, 4, 4. ಎಂಟರಿಂದ ಹತ್ತು ಮಂದಿಗೆ 3, 4, 4, 5, 5. ಏಳು ಅಥವಾ ಹೆಚ್ಚು ಮಂದಿ ಇದ್ದಾಗ ನಾಲ್ಕನೇ ಕಾರ್ಯ ಕೆಡಲು ಎರಡು ಕಪ್ಪು ಬೇಕು. ಶಿಬಿರದಲ್ಲಿ ಮೂವತ್ತು ಮಂದಿ ಇದ್ದರೆ ಏಳೆಂಟು ಮಂದಿಯ ಗುಂಪು ಮಾಡಿ, ಆಟ ಬಲ್ಲ ಒಬ್ಬೊಬ್ಬರನ್ನು ಒಂದೊಂದು ಗುಂಪಿಗೆ ಕೂರಿಸಿ.

ಮೊದಲ ಆಟದಲ್ಲಿ ಗೊಂದಲವಾಗುವುದು ಸಹಜ. ಎರಡನೆಯದರಲ್ಲಿ ನಿಯಮ ಕೈಗೆ ಬರುತ್ತದೆ. ಮೂರನೆಯದರಲ್ಲಿ, ಅಷ್ಟು ಹೊತ್ತು ಮೌನವಾಗಿದ್ದ ಹುಡುಗ ತಲೆ ಎತ್ತಿ, “ಸ್ವಲ್ಪ ನಿಲ್ಲಿ, ಮತಗಳನ್ನು ಇನ್ನೊಮ್ಮೆ ನೋಡೋಣ” ಎನ್ನಬಹುದು. ಆಗ ಎಲ್ಲರೂ ಅವನ ಮಾತಿಗೆ ಕಿವಿಗೊಡಿ.