ಚೀನಾದಿಂದ ಅಂಗಡಿಗೆ ಮಾಲು ತರಿಸ್ತೀರಾ? ಅಡ್ವಾನ್ಸ್ ಹಾಕೋ ಮುಂಚೆ ಇದನ್ನು ಓದಿ

ಫ್ಯಾನ್ಸಿ ಸ್ಟೋರ್, ಮೊಬೈಲ್ ಅಂಗಡಿ, ಆಟಿಕೆ ಅಂಗಡಿ ಇಟ್ಟವರಿಗೆ ಈಗ ಚೀನಾ ಸಪ್ಲೈಯರ್‌ಗಳು ವಾಟ್ಸಾಪ್‌ನಲ್ಲೇ ರೇಟ್ ಕೊಡ್ತಾರೆ. ಬೆಂಗಳೂರು ಹೋಲ್‌ಸೇಲ್‌ಗಿಂತ ಅಗ್ಗ ಅನಿಸುತ್ತೆ. ಆದರೆ ಅದು ಅಲ್ಲಿನ ಫ್ಯಾಕ್ಟರಿ ರೇಟು. ಕಸ್ಟಮ್ಸ್ ದಾಟಿ ನಿಮ್ಮ ಅಂಗಡಿ ಸೇರುವಷ್ಟರಲ್ಲಿ ಲೆಕ್ಕವೇ ಬೇರೆ.

ಮೊದಲು ಏನು ಮಾಡಿಸಬೇಕು?

ವ್ಯಾಪಾರಕ್ಕೆ ತರಿಸುವವರಿಗೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ಬೇಕೇ ಬೇಕು. ಡಿಜಿಎಫ್‌ಟಿ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ 500 ರೂ. ನಿಮ್ಮ ಪ್ಯಾನ್ ನಂಬರೇ ಕೋಡ್ ಆಗುತ್ತೆ. ಪ್ರತಿ ವರ್ಷ ಏಪ್ರಿಲ್-ಜೂನ್ ಒಳಗೆ ವಿವರ ಅಪ್‌ಡೇಟ್ ಮಾಡದಿದ್ದರೆ ಕೋಡ್ ನಿಂತು ಹೋಗುತ್ತೆ.

ಜೊತೆಗೆ ಬ್ಯಾಂಕಿನಿಂದ ಎಡಿ ಕೋಡ್ ಪಡೆದು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ವಿದೇಶಿ ವಿನಿಮಯ ಎಲ್ಲ ಬ್ರಾಂಚ್‌ನಲ್ಲೂ ಇರಲ್ಲ, ಮೊದಲೇ ಕೇಳಿಕೊಳ್ಳಿ.

ಸುಂಕದ ಲೆಕ್ಕ ಹೀಗೆ

ಮಾಲಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತೆ. ಮಾಲಿನ 8 ಅಂಕಿಯ ಕೋಡ್ ನೋಡಿ ದರ ಹಾಕ್ತಾರೆ. ಉದಾಹರಣೆಗೆ ಮೂಲ ಸುಂಕ ಶೇ 10, ಐಜಿಎಸ್‌ಟಿ ಶೇ 18 ಅಂತ ಇಟ್ಟುಕೊಳ್ಳಿ:

- ಮಾಲು, ಸಾಗಣೆ, ವಿಮೆ: 1,00,000 ರೂ.
- ಮೂಲ ಸುಂಕ: 10,000 ರೂ.
- ಸಮಾಜ ಕಲ್ಯಾಣ ಸರ್‌ಚಾರ್ಜ್ (ಸುಂಕದ ಶೇ 10): 1,000 ರೂ.
- ಮೇಲಿನ 1,11,000 ರೂ. ಮೇಲೆ ಐಜಿಎಸ್‌ಟಿ: 19,980 ರೂ.

ಅಂದರೆ ಕಸ್ಟಮ್ಸ್‌ಗೆ ಕಟ್ಟೋದು 30,980 ರೂ. ರೆಗ್ಯುಲರ್ ಜಿಎಸ್‌ಟಿ ಇದ್ದವರು 19,980 ರೂ.ಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಕಾಂಪೊಸಿಶನ್‌ನಲ್ಲಿ ಇರುವವರಿಗೆ ಈ ಕ್ರೆಡಿಟ್ ಸಿಗಲ್ಲ, ಅಷ್ಟೂ ನಿಮ್ಮ ಖರ್ಚೇ. ನಮ್ಮ ಕಡೆಯ ಸಣ್ಣ ಅಂಗಡಿಯವರು ಮೊದಲು ನೋಡಬೇಕಾದ್ದು ಇದನ್ನೇ. ಏಜೆಂಟ್ ಫೀಸು, ಗೋದಾಮು ಬಾಡಿಗೆ, ಲಾರಿ ಬಾಡಿಗೆ ಇನ್ನೂ ಬೇರೆ.

ಎಲ್ಲ ಮಾಲೂ ಬರಲ್ಲ

ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮಾರ್ಕ್ ಕಡ್ಡಾಯ. ಈ ಲೈಸೆನ್ಸ್ ತಯಾರಿಸುವ ಫ್ಯಾಕ್ಟರಿಗೇ ಇರಬೇಕು, ತರಿಸುವ ನೀವು ಮಾಡಿಸಿಕೊಂಡರೆ ಆಗಲ್ಲ. ಆಟಿಕೆ ಮೇಲಿನ ಮೂಲ ಸುಂಕವೂ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್‌ಗೆ ಬಿಐಎಸ್ ನೋಂದಣಿ ಬೇಕು. ಬ್ಲೂಟೂತ್ ಸಾಮಾನಿಗೆ ದೂರಸಂಪರ್ಕ ಇಲಾಖೆಯ ಅನುಮತಿಯೂ ಬೇಕು. ಪ್ಯಾಕೆಟ್ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ತಯಾರಾದ ದೇಶ ಇರಬೇಕು.

"ಗಿಫ್ಟ್ ಅಂತ ಬರೆದು ಕಳಿಸ್ತೀವಿ" ಅಂದರೆ?

ಒಪ್ಪಬೇಡಿ. ವಿದೇಶದಿಂದ ಸುಂಕವಿಲ್ಲದೆ ಗಿಫ್ಟ್ ತರಿಸುವ ಅವಕಾಶ 2019ರ ಡಿಸೆಂಬರ್‌ನಲ್ಲೇ ನಿಂತಿದೆ, ರಾಖಿ ಮತ್ತು ಜೀವರಕ್ಷಕ ಔಷಧಿ ಮಾತ್ರ ಬಿಟ್ಟು. ಬಿಲ್‌ನಲ್ಲಿ ಬೆಲೆ ಕಡಿಮೆ ತೋರಿಸಿದರೂ ಅಷ್ಟೇ. ಸಿಕ್ಕಿಬಿದ್ದರೆ ಮಾಲು ಜಪ್ತಿ, ಮೇಲೆ ದಂಡ. ಸಪ್ಲೈಯರ್‌ಗೆ ಏನೂ ಆಗಲ್ಲ, ನೋಟಿಸ್ ಬರೋದು ನಿಮ್ಮ ಹೆಸರಿಗೆ.

ತಡ ಮಾಡಿದರೆ ದಂಡ

ಮಾಲು ವಿಮಾನದಲ್ಲಿ ಬೆಂಗಳೂರಿಗೆ ಬರಬಹುದು, ಹಡಗಿನಲ್ಲಾದರೆ ಮಂಗಳೂರಿನ ಪಣಂಬೂರು ಬಂದರಿಗೂ ಬರಬಹುದು. ವಿಮಾನ, ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು ಅನ್ನೋದು ಸಾಮಾನ್ಯ ನಿಯಮ. ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂ., ಆಮೇಲೆ ದಿನಕ್ಕೆ 10,000 ರೂ. ಸಣ್ಣ ಲೋಡ್‌ನ ಲಾಭ ಇದರಲ್ಲೇ ಕರಗಿ ಹೋಗುತ್ತೆ.

ಹಾಗಾಗಿ ಮೊದಲ ಸಲ ತರಿಸುವವರು ಲೈಸೆನ್ಸ್ ಇರುವ ಕಸ್ಟಮ್ಸ್ ಬ್ರೋಕರ್ ಹಿಡಿಯೋದು ಒಳ್ಳೇದು. ಮಾಲಿನ ಫೋಟೊ, ವಿವರ ಕೊಟ್ಟು ಮೂರು ವಿಷಯ ಬರಹದಲ್ಲೇ ಪಡೆಯಿರಿ: ಕೋಡ್ ಯಾವುದು, ಒಟ್ಟು ಸುಂಕ ಎಷ್ಟು, ಯಾವ ಸರ್ಟಿಫಿಕೇಟ್ ಬೇಕು. ಉತ್ತರ ಕೈಗೆ ಬಂದ ಮೇಲೆ ಒಂದು ಪೀಸ್‌ಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ. ಆಗಲೂ ಹೋಲ್‌ಸೇಲ್‌ಗಿಂತ ಕಡಿಮೆ ಬಂದರೆ ಮಾತ್ರ ಅಡ್ವಾನ್ಸ್ ಹಾಕಿ.