ಉತ್ತರ ದೊರೆತ ಮಾತ್ರಕ್ಕೆ ವಿದ್ಯೆ ದೊರೆತಂತೆಯೇ?

ಮಕ್ಕಳ ಮನೆಗೆಲಸವನ್ನು ಯಂತ್ರವೇ ಬರೆದುಕೊಡುವ ದಿನಮಾನಗಳಿವು. ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯು 2022ರ ನವೆಂಬರ್ ತಿಂಗಳಲ್ಲಿ ಜನರ ಕೈಗೆ ಬಂದಂದಿನಿಂದ, ಪ್ರಬಂಧವಾಗಲಿ ಗಣಿತವಾಗಲಿ, ಕೇಳಿದ ಕ್ಷಣಾರ್ಧದಲ್ಲಿ ಉತ್ತರ ಸಿದ್ಧ. ಇದರಿಂದ ಕಳವಳಗೊಂಡ ನ್ಯೂಯಾರ್ಕ್ ನಗರದ ಶಾಲಾ ಇಲಾಖೆಯು 2023ರ ಜನವರಿಯಲ್ಲಿ ಅದನ್ನು ತನ್ನ ಶಾಲೆಗಳಲ್ಲಿ ನಿರ್ಬಂಧಿಸಿತು. ಮೇ ತಿಂಗಳಲ್ಲಿ ಆ ಧೋರಣೆಯನ್ನು ತಾನೇ ಕೈಬಿಟ್ಟಿತು. ಶಾಲೆಯಲ್ಲಿ ಮುಚ್ಚಿದ ಬಾಗಿಲು ಮನೆಯ ಮೊಬೈಲಿನಲ್ಲಿ ತೆರೆದೇ ಇರುವಾಗ ನಿಷೇಧದಿಂದ ಆಗುವುದಾದರೂ ಏನು?

ಯಂತ್ರದ ಬರಹವನ್ನು ಪತ್ತೆಹಚ್ಚುವ ಸಾಧನಗಳನ್ನೂ ನೆಚ್ಚುವಂತಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ಅಂಥದೊಂದನ್ನು 2023ರ ಜನವರಿಯಲ್ಲಿ ಹೊರತಂದು, ನಿಖರತೆ ಸಾಲದೆಂದು ಜುಲೈ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಕಷ್ಟಪಟ್ಟು ಸ್ವಂತವಾಗಿ ಬರೆದ ಮಗುವನ್ನು ಕಳ್ಳನೆಂದು ಕರೆಯುವ ಅನ್ಯಾಯ ಸಣ್ಣದಲ್ಲ.

ಹಾನಿ ಎಲ್ಲಿದೆಯೆಂಬುದನ್ನು ತುರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ ನಡೆದ ಪ್ರಯೋಗವು ಚೆನ್ನಾಗಿ ತೋರಿಸಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಅದರ ವಿವರಗಳನ್ನು ಹೊರಗೆಡವಿದರು. ಸುಮಾರು ಒಂದು ಸಾವಿರ ವಿದ್ಯಾರ್ಥಿಗಳನ್ನು ಮೂರು ಪಂಗಡ ಮಾಡಿ ಗಣಿತವನ್ನು ಅಭ್ಯಾಸ ಮಾಡಿಸಲಾಯಿತು. ಒಂದು ಪಂಗಡಕ್ಕೆ ಪುಸ್ತಕ, ಟಿಪ್ಪಣಿಗಳು ಮಾತ್ರ. ಇನ್ನೊಂದಕ್ಕೆ ಉತ್ತರವನ್ನೇ ಹೇಳಿಬಿಡುವ ಯಂತ್ರ. ಮೂರನೆಯದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಯಂತ್ರ. ಅಭ್ಯಾಸದ ವೇಳೆ ಎರಡನೆಯ ಪಂಗಡದವರು ಮೊದಲನೆಯವರಿಗಿಂತ ಶೇಕಡಾ 48ರಷ್ಟು ಮುಂದಿದ್ದರು. ಯಂತ್ರವನ್ನು ತೆಗೆದಿರಿಸಿ ಪರೀಕ್ಷೆ ನಡೆಸಿದಾಗ ಅವರೇ ಶೇಕಡಾ 17ರಷ್ಟು ಹಿಂದೆ ಬಿದ್ದರು! ತಾವು ಕಡಿಮೆ ಕಲಿತೆವೆಂಬ ಅರಿವೂ ಅವರಿಗಿರಲಿಲ್ಲ. ಸುಳಿವು ಪಡೆದವರಿಗಾದರೋ ಅಭ್ಯಾಸದಲ್ಲಿ ಇನ್ನೂ ಹೆಚ್ಚಿನ ಲಾಭವಾಯಿತು, ಪರೀಕ್ಷೆಯಲ್ಲಿ ಅಂಥ ನಷ್ಟವಾಗಲಿಲ್ಲ.

ಇದು ತೀರ ಹೊಸ ಮಾತೇನೂ ಅಲ್ಲ. ನಾವು ಓದಿದ ಮಠದ ಪಾಠಶಾಲೆಯಲ್ಲಿ ಶ್ಲೋಕದ ಅನ್ವಯ ತಪ್ಪಿದರೆ ಗುರುಗಳು ತಿದ್ದುತ್ತಿರಲಿಲ್ಲ, “ಕ್ರಿಯಾಪದ ಎಲ್ಲಿದೆಯಪ್ಪಾ?” ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದರು. ಆ ಮೌನ ಬಹಳ ಕಷ್ಟದ್ದಾಗಿತ್ತು.

ಆದುದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಮಗುವಿನ ಕೈಯಿಂದ ಮೊಬೈಲು ಕಸಿಯುವ ಮೊದಲು, ಅದನ್ನು ಕೇಳುವ ಬಗೆಯನ್ನು ಕಲಿಸಿರಿ. ಮೊದಲು ಹಾಳೆಯ ಮೇಲೆ ತಾನೇ ಪ್ರಯತ್ನಿಸಲಿ. ಎಡವಿದಲ್ಲಿ, “ಉತ್ತರ ಹೇಳಬೇಡ, ನನ್ನ ತಪ್ಪೆಲ್ಲಿದೆ ತೋರಿಸು” ಎಂದು ಯಂತ್ರಕ್ಕೆ ಅಪ್ಪಣೆ ಮಾಡಲಿ. ಯಂತ್ರವೂ ತಪ್ಪು ಹೇಳುವುದುಂಟು, ಅದೂ ಬಹು ಧೈರ್ಯದಿಂದ. ಪಠ್ಯಪುಸ್ತಕದೊಡನೆ ತಾಳೆ ನೋಡುವುದು ರೂಢಿಯಾಗಬೇಕು. ಟ್ಯೂಷನ್ನಿಗೆ ಹಣವಿಲ್ಲದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಹಳ್ಳಿಯ ಹುಡುಗಿಗೆ ಈ ರೀತಿಯ ಸಹಾಯ ನಿಜಕ್ಕೂ ದೊಡ್ಡದು. ಅದನ್ನು ಅವಳಿಂದ ತಪ್ಪಿಸುವುದು ನಮಗೆ ಸಮ್ಮತವಿಲ್ಲ.

ತಾಯಿಗೆ ಬೀಜಗಣಿತ ಬಾರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟವಾದ ಮೇಲೆ ನೋಟುಪುಸ್ತಕ ಮುಚ್ಚಿಸಿ, “ಇಂದು ಬರೆದದ್ದನ್ನು ನನಗೆ ತಿಳಿಯುವಂತೆ ಹೇಳು ನೋಡೋಣ” ಎಂದು ಕೇಳಲಿ. ಮಗು ಎಲ್ಲಿ ತಡವರಿಸುವುದೋ ಅಲ್ಲಿಂದಲೇ ಮರುದಿನದ ಓದು ಆರಂಭವಾಗಲಿ.