ಎರಡು ಕಾಲೇಜುಗಳಲ್ಲಿ ಯಾವುದು? ಹೆಸರಿಗಿಂತ ಮಕ್ಕಳ ದಿನಚರಿ ಮುಖ್ಯ

ಸಿಇಟಿ ಫಲಿತಾಂಶ ಬಂದ ಮೇಲೆ ಸಮಾಜದ ಹಲವು ಮನೆಗಳಲ್ಲಿ ಒಂದೇ ಚರ್ಚೆ. ರ‍್ಯಾಂಕಿಗೆ ಎರಡು ಕಾಲೇಜುಗಳು ಸಿಗುವಂತಿವೆ, ಯಾವುದಕ್ಕೆ ಸೇರಿಸುವುದು? ಶುಲ್ಕ ಎಷ್ಟು, ಫಲಿತಾಂಶ ಹೇಗಿದೆ, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ. ವಿಚಾರಿಸಲೇಬೇಕು. ಆದರೆ ಈ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ನೋಡಬೇಕಾದುದು ಒಂದೇ: ಅಲ್ಲಿ ಮಗ ಅಥವಾ ಮಗಳ ಒಂದು ಸಾಮಾನ್ಯ ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಕಳೆಯುತ್ತದೆ?

ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮಾಡುತ್ತಿದ್ದ ವಿದ್ಯಾರ್ಥಿಗೆ ಹಾಸ್ಟೆಲಿನ ಮೆಸ್ ರಾತ್ರಿ ತೆರೆದರೆ ಮೂರೇ ದಾರಿ. ಹಸಿದು ಮಲಗುವುದು, ಬ್ರೆಡ್-ಬಿಸ್ಕತ್ತಿನಲ್ಲಿ ದಿನ ತಳ್ಳುವುದು, ಇಲ್ಲವೇ ರಾತ್ರಿ ಉಂಡು ಮನೆಯಲ್ಲಿ ಹೇಳದಿರುವುದು. ಮೊದಲ ಎರಡರಲ್ಲಿ ಆರೋಗ್ಯ ಕೆಡುತ್ತದೆ. ಮೂರನೆಯದರಲ್ಲಿ ವ್ರತದ ಜೊತೆಗೆ ತಂದೆ-ತಾಯಿಯ ಮುಂದೆ ನಿಜ ಹೇಳುವ ಅಭ್ಯಾಸವೂ ಹೋಗುತ್ತದೆ. ಆದ್ದರಿಂದ ಇದು ನಾಲ್ಕು ವರ್ಷಗಳ ಪ್ರಶ್ನೆ.

ಮೊದಲು ಮಕ್ಕಳ ಮಾತು

ಕಾಲೇಜು ನೋಡುವುದಕ್ಕೆ ಮೊದಲು ಮನೆಯಲ್ಲಿ ಕುಳಿತು ಮಾತನಾಡುವುದು ಒಳ್ಳೆಯದು. ರಾತ್ರಿ ಭೋಜನ ತ್ಯಾಗ, ಗಡ್ಡೆ-ಗೆಣಸು ಬಿಡುವುದು, ಅಷ್ಟಮಿ-ಚತುರ್ದಶಿಯ ಏಕಭುಕ್ತ, ನಿತ್ಯ ದೇವದರ್ಶನ – ಇವುಗಳಲ್ಲಿ ಯಾವುದನ್ನು ತಾನು ಹೊರಗಡೆಯೂ ಪಾಲಿಸುತ್ತೇನೆ ಎಂದು ವಿದ್ಯಾರ್ಥಿಯೇ ಹೇಳಬೇಕು. ಅಜ್ಜ-ಅಜ್ಜಿಯ ಆಸೆಯನ್ನು ಮಕ್ಕಳ ಸಂಕಲ್ಪ ಎಂದುಕೊಂಡು ಕಾಲೇಜು ಆರಿಸಿದರೆ ಲೆಕ್ಕ ತಪ್ಪುತ್ತದೆ. ಪಾಲಿಸುತ್ತೇನೆಂದು ಅವರೇ ಒಪ್ಪಿದ ಎರಡು ನಿಯಮಗಳು, ಹಿರಿಯರು ಹೇರಿದ ಹತ್ತಕ್ಕಿಂತ ಹೆಚ್ಚು ದಿನ ಉಳಿಯುತ್ತವೆ.

ಗಡಿಯಾರ ಹಿಡಿದು ನೋಡಿ

ಕರ್ನಾಟಕದಲ್ಲಿ ಜೂನ್-ಜುಲೈಯಲ್ಲಿ ಸೂರ್ಯಾಸ್ತ ಸಂಜೆ 7ರ ಸುಮಾರಿಗೆ. ನವೆಂಬರ್-ಡಿಸೆಂಬರಿನಲ್ಲಿ ಅದು 6ರ ಸುಮಾರಿಗೆ ಬರುತ್ತದೆ. ಪ್ರವೇಶದ ದಿನಗಳಲ್ಲಿ ಸರಿಯಾಗಿ ಕಾಣುವ ಊಟದ ಸಮಯ ಚಳಿಗಾಲದಲ್ಲಿ ಸರಿಹೋಗದಿರಬಹುದು. ಹಾಗಾಗಿ ಪ್ರಯೋಗಾಲಯ ಎಷ್ಟು ಗಂಟೆಗೆ ಬಿಡುತ್ತದೆ, ಹಾಸ್ಟೆಲಿಗೆ ಬರಲು ಎಷ್ಟು ಹೊತ್ತು, ಮೆಸ್ಸಿನಲ್ಲಿ 5.30ಕ್ಕೆ ಊಟ ಕೊಡುತ್ತಾರೆಯೇ ಎಂದು ಡಿಸೆಂಬರಿನ ಲೆಕ್ಕದಲ್ಲೇ ಕೇಳಬೇಕು.

‘ಶುದ್ಧ ಸಸ್ಯಾಹಾರಿ’ ಎಂಬ ಬೋರ್ಡು ಕಂಡರೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಒಂದು ಪಲ್ಯವಾದರೂ ದಿನಾ ಇರುತ್ತದೆಯೇ, ಪಾತ್ರೆ ಬೇರೆಯೇ ಎಂದು ಅಡುಗೆಯವರನ್ನೇ ಕೇಳುವುದು ಲೇಸು.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಶ್ವೇತಾಂಬರ ಮನೆಗಳಲ್ಲಿ ಅದಕ್ಕೂ ಮೊದಲು ಎಂಟು ದಿನ ಪರ್ಯೂಷಣ. ಇಷ್ಟು ದಿನ ರಜೆ ಹಾಕಿ ಊರಿಗೆ ಬರುವುದು ಕಷ್ಟ. ವಿಟಿಯು ನಿಯಮದಂತೆ ಪ್ರತಿ ವಿಷಯಕ್ಕೆ ಶೇ. 85 ಹಾಜರಾತಿ ಬೇಕು. ಆದ್ದರಿಂದ ಕಾಲೇಜಿನ ಹತ್ತಿರ ಬಸದಿ ಇದೆಯೇ, ಬೆಳಿಗ್ಗೆ ಹೋಗಿ ಮೊದಲ ತರಗತಿಗೆ ಬರಲು ಸಾಧ್ಯವೇ ಎಂಬುದನ್ನೂ ನೋಡಬೇಕು.

ಹೆಸರು ನೋಡಿ ತೀರ್ಮಾನ ಬೇಡ

ಬೆಳಗಾವಿ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿಗೆ ಉಜಿರೆಯ ಒಂದು ಕಾಲೇಜು ಮತ್ತು ಬೆಂಗಳೂರಿನ ಒಂದು ಕಾಲೇಜು ಎರಡೂ ಸಿಗುವಂತಿವೆ ಎಂದುಕೊಳ್ಳಿ. ಉಜಿರೆ ಸಣ್ಣ ಊರು, ಧರ್ಮಸ್ಥಳ ಹತ್ತಿರ, ಓಡಾಟದ ಆಯಾಸ ಕಡಿಮೆ. ಬೆಂಗಳೂರಿನಲ್ಲಿ ಕಂಪನಿಗಳ ಸಂಪರ್ಕ ಹೆಚ್ಚು, ಊರೂರಿನ ಸಹಪಾಠಿಗಳು, ಜೊತೆಗೆ ದಿನಾ ಬಸ್ಸು-ಮೆಟ್ರೋದಲ್ಲಿ ಹೋಗುವ ಸಮಯ. ಹತ್ತು ಜನರ ನಡುವೆ ನುಗ್ಗಿ ಕೇಳಿ ಕಲಿಯುವ ಸ್ವಭಾವದವಳಿಗೆ ಬೆಂಗಳೂರು ಹೊಂದಬಹುದು. ಶಾಂತವಾಗಿ ಓದುವವಳಿಗೆ ಉಜಿರೆ ಹಿಡಿಸಬಹುದು.

ಜೈನ ಆಡಳಿತದ ಸಂಸ್ಥೆ ಎಂದ ಮಾತ್ರಕ್ಕೆ ಎಲ್ಲ ಅನುಕೂಲವೂ ಇರುತ್ತದೆ ಎಂದು ಭಾವಿಸಬಾರದು. ಈ ಸಂಸ್ಥೆಗಳಲ್ಲಿ ಎಲ್ಲ ಸಮಾಜದ ಮಕ್ಕಳೂ ಓದುತ್ತಾರೆ, ಮೆಸ್ಸಿನ ಸಮಯ ಎಲ್ಲರಿಗಾಗಿ ಇಟ್ಟದ್ದು. ಬೇರೆ ಆಡಳಿತದ ಕಾಲೇಜಿನಲ್ಲಿ ವಾರ್ಡನ್ ಒಬ್ಬರು ಮನಸ್ಸು ಮಾಡಿ ಸಂಜೆಯೇ ಊಟ ಕೊಡಿಸುವುದೂ ಉಂಟು. ಎರಡೂ ಕಡೆ ಒಂದೇ ಪ್ರಶ್ನೆಗಳನ್ನು ಕೇಳಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ. ಎರಡು ಮಾಲನ್ನು ತೂಗಲು ತಕ್ಕಡಿ ಒಂದೇ ಇರಬೇಕು.

ಓದುವ ಜಾಗ, ಇರುವ ಜಾಗ

ಹಿರಿಯರು ಈ ಸಮಸ್ಯೆಗೆ ಹಿಂದೆಯೇ ಒಂದು ದಾರಿ ಮಾಡಿದ್ದರು. 1899ರಲ್ಲಿ ಸ್ತವನಿಧಿಯಲ್ಲಿ ಆರಂಭವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳನ್ನು ನಡೆಸಿತು. ಊರಿನ ಯಾವುದೇ ಕಾಲೇಜಿನಲ್ಲಿ ಓದಲಿ, ಊಟ-ವಸತಿ-ಸಂಸ್ಕಾರ ಬೋರ್ಡಿಂಗಿನಲ್ಲಿ ಎಂಬುದು ಆ ವ್ಯವಸ್ಥೆ. ಇಂದಿಗೂ ಈ ಆಲೋಚನೆ ಉಪಯುಕ್ತ. ಕಾಲೇಜು ಹಿಡಿಸಿ ಹಾಸ್ಟೆಲ್ ಹಿಡಿಸದಿದ್ದರೆ ಸಮಾಜದ ವಿದ್ಯಾರ್ಥಿ ನಿಲಯ, ಬಂಧುಗಳ ಮನೆ, ನಾಲ್ಕು ಮಂದಿ ಸೇರಿ ಅಡುಗೆ ಮಾಡಿಕೊಳ್ಳುವ ಬಾಡಿಗೆ ಮನೆ – ಇವುಗಳನ್ನು ಯೋಚಿಸಬಹುದು. ಆದರೆ ಆ ಕಾಲೇಜು ಮೊದಲ ವರ್ಷ ಹಾಸ್ಟೆಲನ್ನು ಕಡ್ಡಾಯ ಮಾಡಿದೆಯೇ ಎಂದು ಮೊದಲೇ ತಿಳಿಯಬೇಕು.

ವಿದ್ಯಾರ್ಥಿಗಳನ್ನೇ ಕೇಳಿ

ಕಾಲೇಜಿನ ವಾತಾವರಣ ಕಚೇರಿಯಲ್ಲಿ ಗೊತ್ತಾಗುವುದಿಲ್ಲ. ತರಗತಿ ನಡೆಯುವ ದಿನ ಹೋಗಿ ಎರಡನೆಯ ವರ್ಷದ ಮೂವರನ್ನಾದರೂ ಮಾತನಾಡಿಸಬೇಕು. ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳಬಹುದೇ? ಸಂಜೆ ಏನು ಮಾಡುತ್ತೀರಿ? ಕುಡಿಯುವುದಿಲ್ಲ, ಪಾರ್ಟಿಗೆ ಬರುವುದಿಲ್ಲ ಎಂದವರನ್ನು ಹೇಗೆ ನೋಡುತ್ತಾರೆ? ಆಗ ಪಾಲಕರು ಸ್ವಲ್ಪ ದೂರ ನಿಂತು ಮಕ್ಕಳೇ ಕೇಳಲು ಬಿಟ್ಟರೆ ಉತ್ತರ ನಿಜವಾಗಿ ಬರುತ್ತದೆ. ರ‍್ಯಾಗಿಂಗ್ ತಡೆಗೆ ಯುಜಿಸಿಯ 2009ರ ನಿಯಮಾವಳಿ ಇದ್ದು, 1800-180-5522 ಉಚಿತ ಸಹಾಯವಾಣಿ. ಈ ಸಂಖ್ಯೆ ಮಕ್ಕಳ ಫೋನಿನಲ್ಲಿರಲಿ.

ಆಪ್ಷನ್ ಎಂಟ್ರಿಗೆ ಮೊದಲೇ ತೀರ್ಮಾನ

ಕೆಇಎ ಪ್ರಕ್ರಿಯೆಯಲ್ಲಿ ನಿಜವಾದ ಆಯ್ಕೆ ನಡೆಯುವುದು ಆಪ್ಷನ್ ಪಟ್ಟಿಯ ಕ್ರಮದಲ್ಲಿ. ಮೇಲೆ ಬರೆದ ಕಾಲೇಜು ರ‍್ಯಾಂಕಿಗೆ ಸಿಕ್ಕರೆ ಕೆಳಗೆ ಬರೆದದ್ದು ಸಿಗುವುದಿಲ್ಲ. ಆದ್ದರಿಂದ ಎರಡೂ ಕಾಲೇಜುಗಳನ್ನು ಪಟ್ಟಿ ತುಂಬುವ ಮೊದಲೇ ನೋಡಿ ಬರಬೇಕು. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು. ಚಾಯ್ಸ್ 2 ಎಂದರೆ ಸಿಕ್ಕದ್ದನ್ನು ಇಟ್ಟುಕೊಂಡು ಪಟ್ಟಿಯಲ್ಲಿ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೇಲಿನದು ಸಿಕ್ಕರೆ ಹಿಂದಿನದು ರದ್ದಾಗುತ್ತದೆ. ಚಾಯ್ಸ್ 3 ಎಂದರೆ ಸಿಕ್ಕದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್ 4 ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಶುಲ್ಕ ಮತ್ತು ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಪಟ್ಟಿ ತುಂಬುವ ಹಿಂದಿನ ದಿನ ಒಂದು ಹಾಳೆಯಲ್ಲಿ ಎರಡೂ ಕಾಲೇಜುಗಳ ದಿನಚರಿಯನ್ನು ಎದುರುಬದುರು ಬರೆಯುವುದು ಸುಲಭ ಉಪಾಯ: ಏಳುವುದು, ದರ್ಶನ, ತರಗತಿ, ಸಂಜೆಯ ಊಟ, ಓದು, ಮಲಗುವುದು. ಎರಡರಲ್ಲಿ ಯಾವ ದಿನವನ್ನು ತಾನು ನಾಲ್ಕು ವರ್ಷ ಬದುಕಬಲ್ಲೆ ಎಂದು ವಿದ್ಯಾರ್ಥಿ ಬೆರಳಿಟ್ಟು ತೋರಿಸಿದರೆ, ಪಟ್ಟಿಯಲ್ಲಿ ಯಾವುದು ಮೇಲಿರಬೇಕು ಎಂಬುದು ತಿಳಿದಂತೆ.